ನೀಲಿ ಪೆಟ್ಟಿಗೆಯ ಪರದೇಶಿ: ‘ಡಾಕ್ಟರ್ ಹೂ’ ಧಾರಾವಾಹಿಯ ಕಥೆ

ಬ್ರಿಟನ್ನಿನಲ್ಲಿ ಮಕ್ಕಳನ್ನು ಬೆಳೆಸಿದ ನಮ್ಮ ಸದಸ್ಯ ಕುಟುಂಬಗಳಲ್ಲಿ ಅನೇಕರಿಗೆ ಈ ದೃಶ್ಯ ಪರಿಚಿತವಾಗಿರುತ್ತದೆ. ಶನಿವಾರದ ಸಂಜೆ, ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ. ಹೊರಗಿನ ಕೋಣೆಯಿಂದ ಯಾವ ವಾದ್ಯದ್ದೆಂದು ಹೇಳಲಾಗದ, ಊಳಿಡುವಂತಹ ಒಂದು ಸಂಗೀತ ಕೇಳಿಬರುತ್ತದೆ. ಅಷ್ಟು ಹೊತ್ತು ಜಗಳವಾಡುತ್ತಿದ್ದ ಮಕ್ಕಳು ಥಟ್ಟನೆ ಮೌನವಾಗುತ್ತಾರೆ. ಕೋಣೆಗೆ ಹೋಗಿ ನೋಡಿದರೆ ಒಬ್ಬರು ಸೋಫಾದ ಮೇಲೆ, ಮತ್ತೊಬ್ಬರು ಸೋಫಾದ ಹಿಂದೆ.

2006ರ ಬೇಸಿಗೆಯಲ್ಲಿ ಶಿವಮೊಗ್ಗದಿಂದ ನಮ್ಮ ತಾಯಿ ಬಂದಿದ್ದರು. ಎಂಟು ವರ್ಷದ ಮೊಮ್ಮಗನ ಪಕ್ಕದಲ್ಲಿ ಕುಳಿತು ಈ ಧಾರಾವಾಹಿಯನ್ನು ನೋಡಿ, ಹೆಸರನ್ನು ಕೇಳಿ ತಿಳಿದುಕೊಂಡು, “ಇದೇನೋ ಇದು, ಹೂವಿನ ಡಾಕ್ಟರು? ಒಂದು ಹೂವನ್ನೂ ಕಾಣೆ, ಒಬ್ಬ ರೋಗಿಯನ್ನೂ ಕಾಣೆ” ಎಂದರು. ಮಗ ನಕ್ಕು ನಕ್ಕು ನೆಲದ ಮೇಲೆ ಉರುಳಿದ. ‘ಹೂ’ ಎಂಬುದು ಹೆಸರಲ್ಲ, ‘ಯಾರು’ ಎಂಬ ಪ್ರಶ್ನೆ ಎಂದು ಅವನೇ ಅಜ್ಜಿಗೆ ವಿವರಿಸಿದ. “ಹಾಗಾದರೆ ಯಾರಂತೆ ಅವನು? ಯಾವ ಊರಿನವನಂತೆ?” ಎಂದು ಅಮ್ಮ ಕೇಳಿದ ಮರುಪ್ರಶ್ನೆಗೆ ಮಾತ್ರ ಅವನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಗೆ ನಿಖರವಾದ ಉತ್ತರ ಸಿಗದಿರುವುದೇ ಈ ಧಾರಾವಾಹಿಯ ಆಕರ್ಷಣೆಯ ಮೂಲವೆಂಬುದು ಅದರ ಇತಿಹಾಸವನ್ನು ಓದಿದ ಮೇಲೆ ನನಗೆ ಮನವರಿಕೆಯಾಯಿತು. ಮಕ್ಕಳ ಕಾರ್ಯಕ್ರಮವೆಂದು ನಾನು ಬಹಳ ಕಾಲ ಉಪೇಕ್ಷಿಸಿದ್ದ ಈ ಕಥನದ ಹಿಂದೆ ವಲಸೆ ಬಂದವರ ಚರಿತ್ರೆಯಿದೆ, ಅಳಿಸಿಹೋದ ನೆನಪುಗಳ ಚರಿತ್ರೆಯಿದೆ, ಅವುಗಳನ್ನು ಉಳಿಸಿದ ಸಾಮಾನ್ಯ ಜನರ ಚರಿತ್ರೆಯೂ ಇದೆ. ನಮ್ಮಂಥವರಿಗೆ ಇದರಲ್ಲಿ ಕಲಿಯುವುದು ಸಾಕಷ್ಟಿದೆ.

ಒಂದು ಶೋಕದ ಮರುದಿನ

‘ಡಾಕ್ಟರ್ ಹೂ’ ಧಾರಾವಾಹಿಯ ಮೊದಲ ಕಂತು ಬಿಬಿಸಿಯಲ್ಲಿ ಪ್ರಸಾರವಾದದ್ದು 1963ರ ನವೆಂಬರ್ 23ರ ಶನಿವಾರ ಸಂಜೆ. ಅದರ ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿಯವರ ಹತ್ಯೆಯಾಗಿತ್ತು. ಬ್ರಿಟನ್ನಿನ ಮನೆಮನೆಗಳಲ್ಲಿ ಅದೇ ಮಾತು, ಅದೇ ಆತಂಕ. ಅಂತಹ ಸಂಜೆ ಮಕ್ಕಳಿಗಾಗಿ ಮಾಡಿದ ಹೊಸ ಕಾರ್ಯಕ್ರಮವೊಂದನ್ನು ಗಮನಿಸುವ ಮನಃಸ್ಥಿತಿ ಎಷ್ಟು ಜನರಿಗಿದ್ದೀತು? ಸುಮಾರು 44 ಲಕ್ಷ ಜನ ಅದನ್ನು ವೀಕ್ಷಿಸಿದರು. ಮರುವಾರ, ನವೆಂಬರ್ 30ರಂದು, ಎರಡನೆಯ ಕಂತಿಗೆ ಮುನ್ನ ಮೊದಲ ಕಂತನ್ನು ಮತ್ತೊಮ್ಮೆ ಪ್ರಸಾರ ಮಾಡಲಾಯಿತು.

ಶನಿವಾರ ಮಧ್ಯಾಹ್ನದ ಕ್ರೀಡಾ ಕಾರ್ಯಕ್ರಮ ಮುಗಿದ ಮೇಲೆ ಹಾಗೂ ಹದಿಹರೆಯದವರ ಪಾಪ್ ಸಂಗೀತದ ಕಾರ್ಯಕ್ರಮ ಆರಂಭವಾಗುವ ಮೊದಲು ಬಿಬಿಸಿಯಲ್ಲಿ ಒಂದು ತೆರವು ಇತ್ತು. ಫುಟ್‌ಬಾಲ್ ಫಲಿತಾಂಶ ನೋಡುವ ತಂದೆ, ಹಾಡು ಕೇಳುವ ಅಕ್ಕ, ಇವರಿಬ್ಬರ ನಡುವೆ ಕುಳಿತ ಚಿಕ್ಕ ಮಕ್ಕಳು, ಎಲ್ಲರನ್ನೂ ಒಂದೇ ಕೋಣೆಯಲ್ಲಿ ಹಿಡಿದಿಡಬಲ್ಲ ಕಾರ್ಯಕ್ರಮ ಬೇಕಾಗಿತ್ತು. ಆ ಅಗತ್ಯದಿಂದ ಹುಟ್ಟಿದ್ದು ಈ ಧಾರಾವಾಹಿ. ಮಕ್ಕಳಿಗೆ ವಿಜ್ಞಾನ ಮತ್ತು ಇತಿಹಾಸಗಳನ್ನು ಕಲಿಸುವುದೂ ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಆದುದರಿಂದಲೇ ಮೊದಲ ಕಥೆಯ ಪ್ರಧಾನ ಪಾತ್ರಗಳಲ್ಲಿ ಒಬ್ಬರು ವಿಜ್ಞಾನದ ಮೇಷ್ಟರು, ಇನ್ನೊಬ್ಬರು ಇತಿಹಾಸದ ಅಧ್ಯಾಪಿಕೆ.

ಕಥೆ ಸರಳವಾಗಿದೆ. ಲಂಡನ್ನಿನ ಶಾಲೆಯೊಂದರ ವಿದ್ಯಾರ್ಥಿನಿ ಸೂಸನ್‌ಳ ನಡವಳಿಕೆ ವಿಚಿತ್ರವಾಗಿದೆ. ಕೆಲವು ವಿಷಯಗಳಲ್ಲಿ ಅವಳ ತಿಳಿವಳಿಕೆ ಅಪಾರ, ಆದರೆ ದಿನಬಳಕೆಯ ಸಣ್ಣ ಸಂಗತಿಗಳೇ ಅವಳಿಗೆ ಗೊತ್ತಿಲ್ಲ. ಅಧ್ಯಾಪಕರಿಬ್ಬರೂ ಅವಳ ವಿಳಾಸವನ್ನು ಹುಡುಕಿಕೊಂಡು ಹೋದಾಗ ಅಲ್ಲಿ ಮನೆಯೇ ಇಲ್ಲ. ಇರುವುದು ಗುಜರಿ ಸಾಮಾನಿನ ಒಂದು ಅಂಗಳ. ಅದರೊಳಗೆ ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆ, ಒಬ್ಬ ಸಿಡುಕಿನ ಮುದುಕ. ಬಲವಂತವಾಗಿ ಪೆಟ್ಟಿಗೆಯೊಳಗೆ ನುಗ್ಗಿದರೆ ಅಲ್ಲೊಂದು ವಿಶಾಲವಾದ, ಬೆಳಕಿನಿಂದ ತುಂಬಿದ ಯಂತ್ರಶಾಲೆ. ಆ ಪೆಟ್ಟಿಗೆ ಕಾಲದಲ್ಲಿಯೂ ದೇಶದಲ್ಲಿಯೂ ಸಂಚರಿಸುವ ವಾಹನ. ಮುದುಕನೇ ಡಾಕ್ಟರ್, ಸೂಸನ್ ಅವನ ಮೊಮ್ಮಗಳು. ತಾವಿಬ್ಬರೂ ಸ್ವಂತ ಲೋಕದಿಂದ ದೂರವಾದವರು, ಎಂದಾದರೊಂದು ದಿನ ಹಿಂದಿರುಗುವೆವೆಂಬ ಆಸೆ ಹೊತ್ತವರು ಎಂದು ಆತ ಹೇಳಿಕೊಳ್ಳುತ್ತಾನೆ.

ಹಿಂದಿರುಗುವ ಆಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪರದೇಶದ ಶಾಲೆಗೆ ಮಗುವನ್ನು ಕಳುಹಿಸುವ ಹಿರಿಯ, ಶಾಲೆಯಲ್ಲಿ ಎಲ್ಲರಂತೆ ಇರಬಯಸಿಯೂ ಇರಲಾಗದ ಮಗು! ಇವರಿಬ್ಬರನ್ನು ಅರ್ಥಮಾಡಿಕೊಳ್ಳಲು ನಮಗೆ ಅನ್ಯಗ್ರಹದ ಪರಿಚಯವೇನೂ ಬೇಕಾಗಿಲ್ಲ.

ಹೊರಗಿನವರು ಕಟ್ಟಿದ ಮನೆ

ಇಂದು ಈ ಧಾರಾವಾಹಿಯನ್ನು ಬ್ರಿಟಿಷ್ ಸಂಸ್ಕೃತಿಯ ಅಚ್ಚಬಿಳಿಯ ಹೆಗ್ಗುರುತೆಂದು ಭಾವಿಸುವವರು ಅದನ್ನು ಕಟ್ಟಿದವರು ಯಾರೆಂಬುದನ್ನು ಒಮ್ಮೆ ನೋಡಬೇಕು. ಇದರ ರೂವಾರಿ ಸಿಡ್ನಿ ನ್ಯೂಮನ್ ಕೆನಡಾದವರು. ಟೊರಾಂಟೊದಲ್ಲಿ, ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬದಲ್ಲಿ ಹುಟ್ಟಿ, ಬ್ರಿಟನ್ನಿಗೆ ಬಂದು ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥರಾದವರು. ಮೊದಲ ಕಥೆಯನ್ನು ಬರೆದ ಆಂಥನಿ ಕೋಬರ್ನ್ ಹಾಗೂ ಶೀರ್ಷಿಕೆ ಸಂಗೀತವನ್ನು ರಚಿಸಿದ ರಾನ್ ಗ್ರೇನರ್ ಇಬ್ಬರೂ ಆಸ್ಟ್ರೇಲಿಯಾದವರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಲಂಡನ್ನಿನವರೇ ಆದರೂ ಆಗ ಬಿಬಿಸಿಯ ನಾಟಕ ವಿಭಾಗದಲ್ಲಿದ್ದ ಏಕೈಕ ಮಹಿಳಾ ನಿರ್ಮಾಪಕಿ. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ.

ಮೊದಲ ಕಥೆಯನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್. 1938ರಲ್ಲಿ ಲಖನೌದಲ್ಲಿ ಜನಿಸಿ, ದೇಶ ವಿಭಜನೆಯ ಆಸುಪಾಸಿನಲ್ಲಿ, ಹತ್ತು ವರ್ಷ ತುಂಬುವ ಮೊದಲೇ ಇಂಗ್ಲೆಂಡಿಗೆ ಬಂದವರು. ಅವರ ತಾಯಿ ಅತಿಯಾ ಹುಸೇನ್ ಪ್ರಸಿದ್ಧ ಲೇಖಕಿ. ಅವಧ್ ಪ್ರಾಂತದ ಕುಟುಂಬವೊಂದು ವಿಭಜನೆಯಲ್ಲಿ ಒಡೆದುಹೋಗುವ ಕಥೆಯುಳ್ಳ ‘ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಮ್’ ಕಾದಂಬರಿಯನ್ನು 1961ರಲ್ಲಿ ಪ್ರಕಟಿಸಿದವರು. ಕೇಂಬ್ರಿಜ್‌ನಲ್ಲಿ ಓದಿದ ಮಗ 1960ರಲ್ಲಿ ಬಿಬಿಸಿಯಲ್ಲಿ ತರಬೇತಿಗೆ ಸೇರಿದರು. ‘ಡಾಕ್ಟರ್ ಹೂ’ ಮೊದಲ ಕಂತು ತೆರೆಗೆ ಬಂದಾಗ ಅವರಿಗೆ 24 ವರ್ಷ.

ಕಾಮನ್‌ವೆಲ್ತ್ ದೇಶಗಳಿಂದ ಬರುವವರನ್ನು ನಿರ್ಬಂಧಿಸುವ ಕಾನೂನನ್ನು ಬ್ರಿಟನ್ ಜಾರಿಗೊಳಿಸಿದ್ದು 1962ರಲ್ಲಿ. ಅದರ ಮರುವರ್ಷವೇ, ಒಬ್ಬ ಭಾರತೀಯ ತರುಣ ಲಂಡನ್ನಿನ ಲೈಮ್ ಗ್ರೋವ್ ಸ್ಟುಡಿಯೋದಲ್ಲಿ ಕ್ಯಾಮೆರಾಗಳ ನಡುವೆ ನಿಂತು, ವಯಸ್ಸಿನಲ್ಲಿ ತನಗಿಂತ ಮೂವತ್ತು ವರ್ಷ ಹಿರಿಯರಾದ ನಟ ವಿಲಿಯಂ ಹಾರ್ಟ್‌ನೆಲ್ ಅವರಿಗೆ ಅಭಿನಯದ ಸೂಚನೆ ನೀಡುತ್ತಿದ್ದ. ಸೆಪ್ಟೆಂಬರಿನಲ್ಲಿ ಚಿತ್ರೀಕರಿಸಿದ ಮೊದಲ ಕಂತು ನ್ಯೂಮನ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಡಾಕ್ಟರನ ಸ್ವಭಾವ ಅತಿ ಕಟುವಾಯಿತು ಎಂಬುದು ಆಕ್ಷೇಪಗಳಲ್ಲೊಂದು. ಲ್ಯಾಂಬರ್ಟ್ ಮತ್ತು ಹುಸೇನ್ ಅವರನ್ನು ಮನೆಗೆ ಕಳುಹಿಸುವ ಬದಲು ಆತ ಮತ್ತೊಂದು ಅವಕಾಶ ಕೊಟ್ಟರು. ಅಕ್ಟೋಬರಿನಲ್ಲಿ ಅದೇ ಕಂತನ್ನು ಹೊಸದಾಗಿ ಚಿತ್ರೀಕರಿಸಲಾಯಿತು. ಹೊಸಬರ ಮೊದಲ ಸೋಲನ್ನು ಕೊನೆಯ ಸೋಲೆಂದು ಪರಿಗಣಿಸದ ಒಬ್ಬ ಮೇಲಧಿಕಾರಿ ಇದ್ದುದರಿಂದ ಅರವತ್ತು ವರ್ಷಗಳ ಇತಿಹಾಸವೊಂದು ಸಾಧ್ಯವಾಯಿತು.

ಈ ಮಾತನ್ನು ಹೇಳುವಾಗ ಇನ್ನೊಂದು ಮಗ್ಗುಲನ್ನು ಮರೆಮಾಚಬಾರದು. 1964ರಲ್ಲಿ ಹುಸೇನ್ ಅವರು ‘ಮಾರ್ಕೊ ಪೋಲೊ’ ಎಂಬ ಕಥೆಯ ಏಳು ಕಂತುಗಳಲ್ಲಿ ಆರನ್ನು ನಿರ್ದೇಶಿಸಿದರು. ಕುಬ್ಲಾ ಖಾನನ ಆಸ್ಥಾನದ ಆ ಕಥೆಯಲ್ಲಿ ಏಷ್ಯಾದ ಪ್ರಧಾನ ಪಾತ್ರಗಳನ್ನು ಬಹುಮಟ್ಟಿಗೆ ಬಿಳಿಯ ನಟರೇ ಬಣ್ಣ ಹಚ್ಚಿಕೊಂಡು ಮಾಡಿದರು. 1977ರ ‘ದ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್’ ಕಥೆಯಲ್ಲಿಯೂ ಚೀನೀ ಖಳನ ಪಾತ್ರವನ್ನು ಇಂಗ್ಲಿಷ್ ನಟರೊಬ್ಬರು ವಹಿಸಿದ್ದರು. ಹೊರಗಿನವನನ್ನು ನಾಯಕನನ್ನಾಗಿ ಮಾಡಿದ ಧಾರಾವಾಹಿಯೂ ತನ್ನ ಕಾಲದ ಪೂರ್ವಗ್ರಹಗಳಿಂದ ಹೊರಗಿರಲಿಲ್ಲ.

ಬಡತನ ಕಲಿಸಿದ ಕಲೆ

ಈ ಧಾರಾವಾಹಿಯ ಬಹುತೇಕ ಹೆಗ್ಗುರುತುಗಳು ಹಣದ ಕೊರತೆಯಿಂದ ಹುಟ್ಟಿದವು. ಕಾಲಯಾನದ ವಾಹನಕ್ಕೆ ಹೋದಲ್ಲೆಲ್ಲ ಹೊಸ ರೂಪ ಕೊಡುವುದು ದುಬಾರಿ. ಆದ್ದರಿಂದ ರೂಪ ಬದಲಾಯಿಸುವ ಯಂತ್ರ ಕೆಟ್ಟುಹೋಗಿದೆ ಎಂದು ಕಥೆ ಕಟ್ಟಿ, ಆ ಕಾಲದಲ್ಲಿ ಬ್ರಿಟನ್ನಿನ ಬೀದಿಗಳಲ್ಲಿ ಸಾಮಾನ್ಯವಾಗಿದ್ದ ಪೊಲೀಸ್ ಪೆಟ್ಟಿಗೆಯ ರೂಪವನ್ನೇ ಅದಕ್ಕೆ ಶಾಶ್ವತಗೊಳಿಸಿದರು. ಠಾಣೆಗೆ ದೂರವಾಣಿ ಕರೆ ಮಾಡಲು ನಿಲ್ಲಿಸಿದ್ದ ಆ ಪೆಟ್ಟಿಗೆಗಳು ಇಂದು ಹೆಚ್ಚುಕಡಿಮೆ ಮಾಯವಾಗಿವೆ. ಅಲ್ಲೊಂದು ಇಲ್ಲೊಂದು ಕಂಡರೂ ದಾರಿಹೋಕರು ಅದನ್ನು ಪೊಲೀಸರದೆಂದು ಗುರುತಿಸದೆ ‘ಟಾರ್ಡಿಸ್’ ಎಂದೇ ಕರೆಯುತ್ತಾರೆ.

ಸಂಗೀತದ ಕಥೆ ಇನ್ನೂ ಸ್ವಾರಸ್ಯಕರ. ಗ್ರೇನರ್ ಕೊಟ್ಟ ಸ್ವರಲಿಪಿಯನ್ನು ನಾದವಾಗಿಸಿದವರು ಬಿಬಿಸಿಯ ರೇಡಿಯೋಫೋನಿಕ್ ಕಾರ್ಯಾಗಾರದ ಡೀಲಿಯಾ ಡರ್ಬಿಶೈರ್. ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತಗಳನ್ನು ಓದಿದ ವಿದುಷಿ. ವಾದ್ಯವೃಂದವಿಲ್ಲ, ಇಂದಿನಂತಹ ಸಿಂಥಸೈಜರ್ ಕೂಡ ಇಲ್ಲ. ಮೀಟಿದ ತಂತಿಯ ದನಿ, ವಿದ್ಯುತ್ ಉಪಕರಣಗಳ ಗುಂಯ್‌ಗುಡುವಿಕೆ ಇವುಗಳನ್ನು ಟೇಪಿನಲ್ಲಿ ಹಿಡಿದು, ವೇಗವನ್ನು ಹೆಚ್ಚುಕಡಿಮೆ ಮಾಡಿ ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ತಯಾರಿಸಿದರು. ಬಳಿಕ ಟೇಪಿನ ತುಣುಕುಗಳನ್ನು ಬ್ಲೇಡಿನಿಂದ ಕತ್ತರಿಸಿ ಜೋಡಿಸಿದರು. ಕೇಳಿ ಬೆರಗಾದ ಗ್ರೇನರ್ ಗೌರವವನ್ನೂ ಸಂಭಾವನೆಯನ್ನೂ ಹಂಚಿಕೊಳ್ಳಲು ಮುಂದಾದರೂ ಬಿಬಿಸಿಯ ನಿಯಮ ಅವಕಾಶ ಕೊಡಲಿಲ್ಲ. ಡರ್ಬಿಶೈರ್ 2001ರಲ್ಲಿ ತೀರಿಕೊಂಡರು. ಧಾರಾವಾಹಿಯ ತೆರೆಯ ಮೇಲೆ ಅವರ ಹೆಸರು ಮೂಡಿದ್ದು 2013ರ ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ. ಟಾರ್ಡಿಸ್ ಹೊರಡುವಾಗ ಕೇಳುವ ಉಬ್ಬಸದಂತಹ ಸದ್ದನ್ನು ಬ್ರಯಾನ್ ಹಾಡ್ಜ್‌ಸನ್ ಎಂಬವರು ಹಳೆಯ ಪಿಯಾನೋದ ತಂತಿಗಳ ಮೇಲೆ ಮನೆಯ ಬೀಗದ ಕೈಯನ್ನು ಎಳೆದು ಸೃಷ್ಟಿಸಿದರು.

1963ರ ಡಿಸೆಂಬರಿನಲ್ಲಿ ಡಾಲೆಕ್‌ಗಳು ಬಂದವು. ಟೆರಿ ನೇಷನ್ ಬರೆದು, ರೇಮಂಡ್ ಕ್ಯೂಸಿಕ್ ವಿನ್ಯಾಸಗೊಳಿಸಿದ ಲೋಹಕವಚದ ಜೀವಿಗಳು. ಭಯಂಕರ ಕಣ್ಣುಗಳ ಅಗ್ಗದ ರಾಕ್ಷಸರು ಬೇಡವೇ ಬೇಡವೆಂದು ನ್ಯೂಮನ್ ಮೊದಲೇ ತಾಕೀತು ಮಾಡಿದ್ದರು. ಲ್ಯಾಂಬರ್ಟ್ ಪಟ್ಟುಬಿಡದೆ ಕಥೆಯನ್ನು ಸಮರ್ಥಿಸಿಕೊಂಡರು. ಆ ಕಥೆ ಮುಗಿಯುವ ಹೊತ್ತಿಗೆ ವೀಕ್ಷಕರ ಸಂಖ್ಯೆ ಒಂದು ಕೋಟಿಯನ್ನು ದಾಟಿತ್ತು. ತಮ್ಮಂತಿಲ್ಲದ ಎಲ್ಲರನ್ನೂ ನಿರ್ನಾಮ ಮಾಡಬೇಕೆಂಬ ಒಂದೇ ವ್ರತದ ಈ ಜೀವಿಗಳನ್ನು ಕಂಡಾಗ, ಹದಿನೆಂಟು ವರ್ಷಗಳ ಹಿಂದಷ್ಟೇ ಯುದ್ಧದಿಂದ ಹೊರಬಂದಿದ್ದ ತಂದೆತಾಯಿಗಳಿಗೆ ನಾಜಿಗಳು ನೆನಪಾಗದಿರಲಿಲ್ಲ. ಮಕ್ಕಳು ಸೋಫಾದ ಹಿಂದೆ ಅಡಗಿದರು, ಹಿರಿಯರು ತಮ್ಮ ನೆನಪುಗಳೊಂದಿಗೆ ಸೋಫಾದ ಮೇಲೆಯೇ ಉಳಿದರು. ಒಂದೇ ದೃಶ್ಯ ಎರಡು ತಲೆಮಾರುಗಳಿಗೆ ಎರಡು ಬಗೆಯ ಭಯವನ್ನು ಕೊಟ್ಟಿತು. ಇಡೀ ಮನೆಯೇ ಒಟ್ಟಿಗೆ ಕುಳಿತು ನೋಡುವ ಕಥೆಯ ಶಕ್ತಿ ಇದು.

ವೇಷ ಬದಲು, ಪಾತ್ರ ಒಂದೇ

1966ರ ಹೊತ್ತಿಗೆ ಹಾರ್ಟ್‌ನೆಲ್ ಅವರ ಆರೋಗ್ಯ ಕ್ಷೀಣಿಸಿತ್ತು. ಸಂಭಾಷಣೆಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ನಾಯಕ ನಟನೇ ಹೋದರೆ ಧಾರಾವಾಹಿ ಮುಗಿದಂತೆಯೇ. ಆಗ ನಿರ್ಮಾಪಕರಿಗೆ ಒಂದು ಉಪಾಯ ಹೊಳೆಯಿತು. ಡಾಕ್ಟರ್ ಮನುಷ್ಯನಲ್ಲವಷ್ಟೆ? ಹಾಗಾದರೆ ದೇಹ ಜೀರ್ಣವಾದಾಗ ಆತ ಹೊಸ ದೇಹವನ್ನು ತಾಳಬಾರದೇಕೆ? 1966ರ ಅಕ್ಟೋಬರ್ 29ರಂದು ಪ್ರಸಾರವಾದ ‘ದ ಟೆಂತ್ ಪ್ಲಾನೆಟ್’ ಕಥೆಯ ಕೊನೆಯ ಕಂತಿನಲ್ಲಿ ಮುದುಕ ಡಾಕ್ಟರ್ ನೆಲಕ್ಕೆ ಕುಸಿದ. ಅದೇ ಉಡುಪಿನಲ್ಲಿ ಬೇರೊಂದು ಮುಖ ಕಾಣಿಸಿತು. ಅದು ಪ್ಯಾಟ್ರಿಕ್ ಟ್ರೌಟನ್ ಅವರದು.

ಯಕ್ಷಗಾನ ನೋಡಿ ಬೆಳೆದವರಿಗೆ ಇದರಲ್ಲಿ ವಿಸ್ಮಯವೇನೂ ಇಲ್ಲ. ಇಡೀ ರಾತ್ರಿಯ ಪ್ರಸಂಗದಲ್ಲಿ ಒಂದೇ ಪಾತ್ರವನ್ನು ಪೂರ್ವಾರ್ಧಕ್ಕೊಬ್ಬ ಕಲಾವಿದರು, ಉತ್ತರಾರ್ಧಕ್ಕೊಬ್ಬರು ನಿರ್ವಹಿಸುವುದುಂಟು. ಧ್ವನಿ ಬೇರೆ, ಹೆಜ್ಜೆ ಬೇರೆ, ಆದರೂ ಕೃಷ್ಣ ಕೃಷ್ಣನೇ. ನೋಡುವವರು ಹೋಲಿಸುತ್ತಾರೆ, ವಾದಿಸುತ್ತಾರೆ, ಆದರೆ ಪಾತ್ರವನ್ನು ಸಂದೇಹಿಸುವುದಿಲ್ಲ. ಬ್ರಿಟನ್ನಿನ ಟಿ.ವಿ. ವೀಕ್ಷಕರೂ ಇದನ್ನೇ ಕಲಿತರು. ಜಾನ್ ಪರ್ಟ್ವೀ, 1974ರಿಂದ 1981ರವರೆಗೆ ಉದ್ದನೆಯ ಕೊರಳುವಸ್ತ್ರದ ಟಾಮ್ ಬೇಕರ್, ಬಳಿಕ ಪೀಟರ್ ಡೇವಿಸನ್, ಕಾಲಿನ್ ಬೇಕರ್, ಸಿಲ್ವೆಸ್ಟರ್ ಮೆಕಾಯ್ ಹೀಗೆ ಪರಂಪರೆ ಬೆಳೆಯಿತು. ಪ್ರತಿ ತಲೆಮಾರಿನವರಿಗೂ ತಮ್ಮ ಬಾಲ್ಯದ ಡಾಕ್ಟರನೇ ನಿಜವಾದ ಡಾಕ್ಟರ್.

ಬದಲಾದ ಪ್ರತಿ ಸಲವೂ ಡಾಕ್ಟರ್ ಕೆಲಕಾಲ ಗೊಂದಲಕ್ಕೊಳಗಾಗುತ್ತಾನೆ. ಕನ್ನಡಿಯಲ್ಲಿ ತನ್ನನ್ನೇ ಅಪರಿಚಿತನಂತೆ ನೋಡಿಕೊಳ್ಳುತ್ತಾನೆ. ಜೊತೆಗಿದ್ದವರು ಇವನು ಅವನೇ ಹೌದೇ ಎಂದು ಶಂಕಿಸುತ್ತಾರೆ. ಆಡುವ ಭಾಷೆ, ಉಡುವ ಬಟ್ಟೆ, ಉಣ್ಣುವ ಊಟ ಎಲ್ಲವೂ ಬದಲಾದ ಮೇಲೆ ಮನುಷ್ಯನಲ್ಲಿ ಉಳಿಯುವುದು ಏನು ಎಂಬ ಪ್ರಶ್ನೆಯನ್ನು ಈ ಧಾರಾವಾಹಿ ಮಕ್ಕಳ ಮುಂದೆ ಮತ್ತೆ ಮತ್ತೆ ಇಟ್ಟಿದೆ. ಅದು ಕೊಡುವ ಉತ್ತರ: ಉಳಿಯುವುದು ನೆನಪು ಮತ್ತು ನಡತೆ. ಹಿಂದೆ ಪ್ರೀತಿಸಿದವರನ್ನು ಮರೆಯಬಾರದು, ಕಷ್ಟದಲ್ಲಿರುವವರನ್ನು ಬಿಟ್ಟು ಹೋಗಬಾರದು. ಉಳಿದದ್ದೆಲ್ಲ ವೇಷ.

ಅಳಿಸಿದವರು, ಉಳಿಸಿದವರು

ನೆನಪನ್ನೇ ಬಂಡವಾಳವಾಗಿಸಿಕೊಂಡ ಈ ಧಾರಾವಾಹಿಯ ಸ್ವಂತ ನೆನಪು ಏನಾಯಿತೆಂಬುದು ಇತಿಹಾಸದ ವ್ಯಂಗ್ಯ. ಮೊದಲ ಆರು ವರ್ಷಗಳಲ್ಲಿ ತಯಾರಾದ 253 ಕಪ್ಪುಬಿಳುಪು ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇಂದು ಇಲ್ಲ. ಅವು ಬೆಂಕಿಗಾಗಲಿ ನೆರೆಗಾಗಲಿ ಆಹುತಿಯಾದವಲ್ಲ, ಅವುಗಳನ್ನು ಮಾಡಿದವರೇ ಅಳಿಸಿದರು.

ಇದರಲ್ಲಿ ದುರುದ್ದೇಶವೇನೂ ಇರಲಿಲ್ಲ. ವಿಡಿಯೋ ಟೇಪು ಬಹಳ ದುಬಾರಿಯಾಗಿತ್ತು, ಒಂದು ಕಾರ್ಯಕ್ರಮವನ್ನು ಅಳಿಸಿ ಅದೇ ಟೇಪಿನ ಮೇಲೆ ಇನ್ನೊಂದನ್ನು ಮುದ್ರಿಸುವುದೇ ರೂಢಿ. ನಟರ ಸಂಘದೊಂದಿಗಿನ ಒಪ್ಪಂದದಂತೆ ಮರುಪ್ರಸಾರಕ್ಕೆ ಮಿತಿಯಿತ್ತು. ಬಣ್ಣದ ಟಿ.ವಿ. ಬಂದ ಮೇಲೆ ಕಪ್ಪುಬಿಳುಪು ಯಾರಿಗೆ ಬೇಕು ಎಂಬ ಭಾವನೆಯೂ ಇತ್ತು. ಮನೆಯಲ್ಲಿ ಕುಳಿತು ಹಳೆಯ ಕಾರ್ಯಕ್ರಮವನ್ನು ಹಣ ಕೊಟ್ಟು ನೋಡುವ ಕಾಲ ಬರುವುದೆಂದು ಯಾರೂ ಊಹಿಸಿರಲಿಲ್ಲ. ಟೇಪುಗಳು ಅಳಿದವು. ವಿದೇಶಗಳಿಗೆ ಮಾರಲು ತೆಗೆದ ಫಿಲ್ಮ್ ಪ್ರತಿಗಳೂ ಒಂದೊಂದಾಗಿ ಕಸಕ್ಕೆ ಹೋದವು. ಇದು ನಿಂತದ್ದು 1978ರ ಸುಮಾರಿಗೆ. ಹುಸೇನ್ ನಿರ್ದೇಶಿಸಿದ ‘ಮಾರ್ಕೊ ಪೋಲೊ’ ಕಥೆಯ ಏಳು ಕಂತುಗಳೂ ನಷ್ಟವಾದವು. ಹಾರ್ಟ್‌ನೆಲ್ ಟ್ರೌಟನ್ ಆಗುವ ಆ ಚಾರಿತ್ರಿಕ ಕಂತೂ ಉಳಿಯಲಿಲ್ಲ. ಮುಖ ಬದಲಾಗುವ ಕೆಲವು ಕ್ಷಣಗಳು ಮಾತ್ರ ಉಳಿದಿವೆ. ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಆ ತುಣುಕನ್ನು ತೋರಿಸಿದ್ದರಿಂದ ಅದು ಬದುಕಿಕೊಂಡಿತು.

ನಾವು ಕನ್ನಡಿಗರು ಈ ವಿಷಯದಲ್ಲಿ ಬಿಬಿಸಿಯನ್ನು ಹಳಿಯುವ ಮೊದಲು ನಮ್ಮನ್ನೂ ನೋಡಿಕೊಳ್ಳಬೇಕು. 1934ರಲ್ಲಿ ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ತೆರೆಯ ಮೇಲೆ ಕನ್ನಡ ಮೊದಲ ಬಾರಿಗೆ ಹೇಗೆ ಕೇಳಿಸಿತೆಂದು ತಿಳಿಯುವ ದಾರಿ ನಮಗಿಲ್ಲ.

ಇನ್ನು ಉಳಿಸಿದವರ ಕಥೆ. ಅರವತ್ತರ ದಶಕದಲ್ಲಿ ಬ್ರಿಟನ್ನಿನ ಅಲ್ಲಲ್ಲಿ ಕೆಲವು ಹುಡುಗರು ಶನಿವಾರ ಸಂಜೆ ಟೇಪ್ ರೆಕಾರ್ಡರನ್ನು ಟಿ.ವಿ.ಗೆ ಜೋಡಿಸಿಯೋ, ಅದರ ಮುಂದೆ ಮೈಕ್ ಹಿಡಿದೋ ಧಾರಾವಾಹಿಯ ಧ್ವನಿಯನ್ನು ಮುದ್ರಿಸಿಕೊಳ್ಳುತ್ತಿದ್ದರು. ಮತ್ತೆ ಕೇಳಬೇಕೆಂಬ ಆಸೆಯಷ್ಟೇ ಅವರದು. ಆ ಹುಡುಗರ ಪುಣ್ಯದಿಂದ ಇಂದು ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ನಮ್ಮ ಬಳಿಯಿದೆ. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ಟಿ.ವಿ. ಪರದೆಯ ಚಿತ್ರಗಳನ್ನು ತೆಗೆದು ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದರು. ಕಳೆದುಹೋದ ಅನೇಕ ಕಂತುಗಳ ರೂಪ ಆ ಪುಟ್ಟ ಚಿತ್ರಗಳಿಂದ ತಿಳಿದುಬರುತ್ತದೆ. ಇಂತಹ ಧ್ವನಿಯನ್ನು ಆಧರಿಸಿ 2016ರಲ್ಲಿ ‘ದ ಪವರ್ ಆಫ್ ದ ಡಾಲೆಕ್ಸ್’ ಎಂಬ ಇಡೀ ಕಥೆಯನ್ನು ಅನಿಮೇಷನ್ ರೂಪದಲ್ಲಿ ಮರಳಿ ಕಟ್ಟಿದರು.

ಕೆಲವು ಕಂತುಗಳು ತಾವಾಗಿಯೇ ಮರಳಿದವು. ಎರಡು ಕಂತುಗಳು 1983ರಲ್ಲಿ ಲಂಡನ್ನಿನ ಚರ್ಚೊಂದರ ನೆಲಮಾಳಿಗೆಯಲ್ಲಿ ದೊರೆತವು. ‘ದ ಟೂಂಬ್ ಆಫ್ ದ ಸೈಬರ್‌ಮೆನ್’ ಕಥೆಯ ನಾಲ್ಕೂ ಕಂತುಗಳು 1990ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗ್‌ನಿಂದ ಬಂದವು. 2013ರಲ್ಲಿ ನೈಜೀರಿಯಾದ ಜೋಸ್ ನಗರದ ಟಿ.ವಿ. ಕೇಂದ್ರವೊಂದರಲ್ಲಿ ಒಂಬತ್ತು ಕಂತುಗಳು ಪತ್ತೆಯಾದ ಸುದ್ದಿ ಹೊರಬಿತ್ತು. ಅದರಿಂದ ‘ದಿ ಎನಿಮಿ ಆಫ್ ದ ವರ್ಲ್ಡ್’ ಕಥೆ ಪೂರ್ಣವಾಯಿತು, ‘ದ ವೆಬ್ ಆಫ್ ಫಿಯರ್’ ಒಂದೇ ಕಂತಿನ ಕೊರತೆಯಷ್ಟಕ್ಕೆ ಬಂದು ನಿಂತಿತು. ತವರಿನಲ್ಲಿ ಬೇಡವೆಂದು ಎಸೆದದ್ದು ಕಡಲಾಚೆ ಹೋಗಿ ಧೂಳಿನ ಕಪಾಟಿನಲ್ಲಿ ಉಳಿದಿತ್ತು.

1989ರಲ್ಲಿ ಧಾರಾವಾಹಿಯೇ ನಿಂತುಹೋಯಿತು. 1996ರ ಒಂದು ಟಿ.ವಿ. ಚಲನಚಿತ್ರವನ್ನು ಬಿಟ್ಟರೆ ಹದಿನಾರು ವರ್ಷ ಬಿಬಿಸಿಯಲ್ಲಿ ಹೊಸ ಕಂತುಗಳ ಸರಣಿ ಬರಲಿಲ್ಲ. ಆ ಅವಧಿಯಲ್ಲಿ ಅದನ್ನು ಜೀವಂತವಾಗಿಟ್ಟವರು ಕಾದಂಬರಿ ಬರೆದ, ಧ್ವನಿನಾಟಕ ಮಾಡಿದ, ಪತ್ರಿಕೆ ನಡೆಸಿದ ಅಭಿಮಾನಿಗಳು. 2005ರ ಮಾರ್ಚ್ 26ರಂದು ಅದನ್ನು ಮರಳಿ ತಂದ ಬರಹಗಾರ ರಸೆಲ್ ಟಿ. ಡೇವಿಸ್ ಬಾಲ್ಯದಿಂದಲೇ ಅದರ ಅಭಿಮಾನಿ. ಮುಂದೆ ಡಾಕ್ಟರ್ ಆದ ಡೇವಿಡ್ ಟೆನೆಂಟ್, ಪೀಟರ್ ಕಪಾಲ್ಡಿ ಇವರೂ ಅದನ್ನು ನೋಡುತ್ತಲೇ ಬೆಳೆದವರು. ಹದಿಹರೆಯದ ಕಪಾಲ್ಡಿ ಧಾರಾವಾಹಿಯನ್ನು ಮೆಚ್ಚಿ ಬರೆದ ಪತ್ರ 1974ರಲ್ಲಿ ‘ರೇಡಿಯೋ ಟೈಮ್ಸ್’ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಸೋಫಾದ ಹಿಂದೆ ಅಡಗಿದ್ದ ಮಕ್ಕಳು ದೊಡ್ಡವರಾಗಿ ಮನೆಯನ್ನು ಮತ್ತೆ ತೆರೆದರು.

ಮುರಿದ ಗಡಿಯಾರ

2018ರ ನವೆಂಬರ್ 11ರಂದು ಪ್ರಸಾರವಾದ ‘ಡೀಮನ್ಸ್ ಆಫ್ ದ ಪಂಜಾಬ್’ ಎಂಬ ಕಂತನ್ನು ನಮ್ಮ ಸದಸ್ಯರು ತಪ್ಪದೆ ನೋಡಬೇಕು. ಬರೆದವರು ವಿನಯ್ ಪಟೇಲ್. ಆಗ ಡಾಕ್ಟರ್ ಮೊದಲ ಬಾರಿಗೆ ಹೆಣ್ಣಿನ ರೂಪದಲ್ಲಿದ್ದಳು, ನಟಿ ಜೋಡಿ ವಿಟೇಕರ್. ಶೆಫೀಲ್ಡಿನ ತರುಣಿ ಯಾಸ್ಮಿನ್ ಖಾನ್‌ಗೆ ಅಜ್ಜಿ ಒಂದು ಮುರಿದ ಕೈಗಡಿಯಾರ ಕೊಟ್ಟು, ಅದನ್ನೆಂದೂ ರಿಪೇರಿ ಮಾಡಿಸಬಾರದೆಂದು ಹೇಳುತ್ತಾಳೆ. ಅದರ ಕಥೆ ತಿಳಿಯಲು ಯಾಸ್ಮಿನ್ ಡಾಕ್ಟರಳೊಂದಿಗೆ 1947ರ ಆಗಸ್ಟಿನ ಪಂಜಾಬಿಗೆ ಹೋಗುತ್ತಾಳೆ. ಅಲ್ಲಿ ಅವಳ ಅಜ್ಜಿ ಉಂಬ್ರೀನ್, ತನ್ನ ತಾತನಲ್ಲದ ಪ್ರೇಮ್ ಎಂಬ ಹಿಂದೂ ಯುವಕನನ್ನು ಮದುವೆಯಾಗುತ್ತಿದ್ದಾಳೆ. ಹೊಸ ಗಡಿರೇಖೆ ಅವರ ಹೊಲದ ಮೇಲೆಯೇ ಹಾದಿದೆ. ಮೊದಲಿಗೆ ರಾಕ್ಷಸರಂತೆ ಕಾಣುವ ಅನ್ಯಲೋಕದವರು ಯಾರನ್ನೂ ಕೊಲ್ಲಲು ಬಂದವರಲ್ಲ. ಯಾರ ಆಸರೆಯೂ ಇಲ್ಲದೆ ಸಾಯುವವರ ಬಳಿ ಸಾಕ್ಷಿಯಾಗಿ ನಿಲ್ಲುವುದೇ ಅವರ ಕಾಯಕ. ಕೊಲ್ಲುವವರು ನೆರೆಹೊರೆಯವರೇ, ಅವರನ್ನು ಕರೆತಂದವನು ಪ್ರೇಮನ ಸ್ವಂತ ತಮ್ಮ. ಕಾಲಯಾನ ಬಲ್ಲವರಿಗೂ ಆ ಸಾವನ್ನು ತಪ್ಪಿಸಲಾಗುವುದಿಲ್ಲ, ತಪ್ಪಿಸಿದರೆ ಯಾಸ್ಮಿನ್ ಹುಟ್ಟುವುದೇ ಇಲ್ಲ.

ವಿಭಜನೆಯ ಕಾದಂಬರಿ ಬರೆದ ತಾಯಿಯ ಮಗ ಮೊದಲ ಕಂತನ್ನು ನಿರ್ದೇಶಿಸಿದ ಧಾರಾವಾಹಿ, ಐವತ್ತೈದು ವರ್ಷಗಳ ಬಳಿಕ ಅದೇ ವಿಭಜನೆಯ ಗಾಯವನ್ನು ಬ್ರಿಟನ್ನಿನ ಭಾನುವಾರದ ಸಂಜೆಯ ಮನೆಗಳಿಗೆ ತಂದಿತು. ಮುಂದೆ 2023ರಲ್ಲಿ, ರುವಾಂಡಾದಲ್ಲಿ ಹುಟ್ಟಿ ನಿರಾಶ್ರಿತ ಕುಟುಂಬದ ಮಗುವಾಗಿ ಸ್ಕಾಟ್ಲೆಂಡಿಗೆ ಬಂದ ಶುಟಿ ಗಟ್ವಾ ಡಾಕ್ಟರ್ ಆದರು. 2025ರಲ್ಲಿ ಕೇರಳದಲ್ಲಿ ಜನಿಸಿದ ವರದಾ ಸೇತು ಅವನ ಸಹಯಾತ್ರಿಯ ಪಾತ್ರ ವಹಿಸಿದರು. ಯಾವ ಊರಿನವನು ಎಂದು ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಹಿಗ್ಗುತ್ತಲೇ ಇದೆ.

ನಮ್ಮ ಅಟ್ಟಗಳಲ್ಲಿ

ಕೊನೆಯದಾಗಿ ನನ್ನದೊಂದು ತಪ್ಪೊಪ್ಪಿಗೆ. ತೊಂಬತ್ತರ ದಶಕದಲ್ಲಿ ಭಾರತಕ್ಕೆ ಫೋನು ಮಾಡುವುದು ದುಬಾರಿಯಾಗಿತ್ತು. ಅಮ್ಮ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಊರಿನ ಸುದ್ದಿ, ಮಳೆಯ ಸುದ್ದಿ, ನಡುವೆ ಒಂದೆರಡು ದೇವರನಾಮ. ಒಂದು ಯುಗಾದಿ ಕಾರ್ಯಕ್ರಮದ ಹಿಂದಿನ ರಾತ್ರಿ ನಾಟಕದ ಹಿನ್ನೆಲೆ ಸಂಗೀತಕ್ಕೆ ಖಾಲಿ ಕ್ಯಾಸೆಟ್ ಸಿಗದೆ, ಅಮ್ಮನ ಕ್ಯಾಸೆಟ್ಟುಗಳ ಮೇಲೆಯೇ ಮುದ್ರಿಸಿದೆ. ಹೇಗೂ ಕೇಳಿಯಾಗಿದೆಯಲ್ಲ, ಮತ್ತೆ ಕಳುಹಿಸುತ್ತಾರಲ್ಲ ಎಂದುಕೊಂಡೆ. ಬಿಬಿಸಿಯವರ ತರ್ಕ ಇದಕ್ಕಿಂತ ಬೇರೆಯಾಗಿರಲಿಲ್ಲ. ಅಮ್ಮ ಈಗಿಲ್ಲ, ಆ ಧ್ವನಿಯೂ ಇಲ್ಲ.

ಅಮ್ಮ ತೀರಿಕೊಂಡ ಮೇಲೆ ಶಿವಮೊಗ್ಗದ ಮನೆಯನ್ನು ಖಾಲಿ ಮಾಡುವಾಗ ಅವರ ಟ್ರಂಕಿನಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿತು. ನಾನು ಉತ್ತರವಾಗಿ ಕಳುಹಿಸಿದ್ದ ಕ್ಯಾಸೆಟ್ಟುಗಳು, ಒಂದೊಂದರ ಮೇಲೂ ಅಮ್ಮನ ಕೈಬರಹದಲ್ಲಿ ತಾರೀಖು. ಒಂದರಲ್ಲಿ ಎರಡೂವರೆ ವರ್ಷದ ಮಗ ಅಜ್ಜಿಗೆ ಕನ್ನಡದಲ್ಲಿ ಕಾಗೆಯ ಕಥೆ ಹೇಳುತ್ತಿದ್ದಾನೆ. ಈಗ ಅವನಿಗೆ ಅಷ್ಟು ಕನ್ನಡ ಬಾರದು. ಆ ಧ್ವನಿಯನ್ನು ಮೊದಲ ಸಲ ಕೇಳಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, “ಅಪ್ಪ, ಇದರ ಇನ್ನೊಂದು ಕಾಪಿ ಇದೆಯಾ?”

ಅವನ ಪ್ರಶ್ನೆಯನ್ನೇ ನಾನು ಎಲ್ಲ ಸದಸ್ಯರ ಮುಂದಿಡುತ್ತೇನೆ. ನಿಮ್ಮ ಅಟ್ಟದಲ್ಲಿ, ಗ್ಯಾರೇಜಿನಲ್ಲಿ, ಹಳೆಯ ಸೂಟ್‌ಕೇಸುಗಳಲ್ಲಿ ಇರುವ ಕ್ಯಾಸೆಟ್ಟುಗಳನ್ನೂ ವಿಡಿಯೋ ಟೇಪುಗಳನ್ನೂ ಒಮ್ಮೆ ಹುಡುಕಿ ನೋಡಿ. ಸಂಘದ ಮೊದಲ ವರ್ಷಗಳ ನಾಟಕಗಳು, ರಾಜ್ಯೋತ್ಸವದ ಭಾಷಣಗಳು, ಮನೆಯ ಹಿರಿಯರ ಹಾಡುಗಳು ಅವುಗಳಲ್ಲಿರಬಹುದು. ಯಾರ ಧ್ವನಿ, ಯಾವ ವರ್ಷ, ಯಾವ ಊರು ಎಂದು ಈಗಲೇ ಬರೆದಿಡಿ, ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಡಿಜಿಟಲ್ ಪ್ರತಿ ಮಾಡಿಸಿ ಒಂದನ್ನು ಇಲ್ಲಿ ಇಟ್ಟುಕೊಂಡು ಇನ್ನೊಂದನ್ನು ಊರಿಗೆ ಕಳುಹಿಸಿ. ಹಾಂಗ್‌ಕಾಂಗ್ ಮತ್ತು ಜೋಸ್ ನಗರಗಳ ಕಪಾಟುಗಳು ಕಲಿಸಿದ ಪಾಠ ಇದೇ: ಎರಡು ಕಡೆ ಇದ್ದದ್ದು ಒಂದು ಕಡೆಯಾದರೂ ಉಳಿಯುತ್ತದೆ.

ಮಗ ಈಗ ಬೇರೆ ಊರಿನಲ್ಲಿದ್ದಾನೆ. ಕಾಗೆಯ ಕಥೆಯ ಒಂದು ಪ್ರತಿ ಅವನ ಬಳಿ, ಒಂದು ನನ್ನ ಬಳಿ, ಮತ್ತೊಂದು ಶಿವಮೊಗ್ಗದಲ್ಲಿ ನನ್ನ ತಂಗಿಯ ಮನೆಯಲ್ಲಿ ಇದೆ.